ಹಿತ್ತಾಳೆ ಕೊಳವೆಯೊಳಗಿನ ಗಾಜುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೆಳಗಾವಿಯ ಯಾವುದಾದರೂ ಹಳೆಯ ಲ್ಯಾಬಿನ ಕಪಾಟಿನಲ್ಲೋ, ಮನೆಯ ಅಟ್ಟದಲ್ಲೋ ನಿಮಗೆ ಹಿತ್ತಾಳೆಯ ಸೂಕ್ಷ್ಮದರ್ಶಕ ಸಿಕ್ಕಿತು ಅಂದುಕೊಳ್ಳಿ. ಕೈ ತಕ್ಷಣ ಸ್ಕ್ರೂ ತಿರುಗಿಸಲು ಹೋಗುತ್ತದೆ. ದಯವಿಟ್ಟು ಮಸೂರಗಳನ್ನು ಬಿಚ್ಚಬೇಡಿ. ಯಾಕೆ ಅಂತ ಹೇಳುತ್ತೇನೆ.

ಕೆಳಗಿರುವುದು ಆಬ್ಜೆಕ್ಟಿವ್, ಅಂದರೆ ನೋಡುವ ವಸ್ತುವಿನ ಕಡೆಯ ಮಸೂರ. ಉಳ್ಳಾಗಡ್ಡಿಯ ತೆಳುವಾದ ಪೊರೆ ಇಟ್ಟರೆ, ಅದರ ದೊಡ್ಡದಾದ ತಲೆಕೆಳಗಾದ ಚಿತ್ರವನ್ನು ಅದು ಕೊಳವೆಯ ಮೇಲ್ಭಾಗದಲ್ಲಿ ಮೂಡಿಸುತ್ತದೆ. ಆ ಚಿತ್ರವನ್ನು ಐಪೀಸ್, ಅಂದರೆ ನಾವು ಕಣ್ಣಿಡುವ ಕಡೆಯ ಮಸೂರ, ಇನ್ನಷ್ಟು ಹಿಗ್ಗಿಸಿ ತೋರಿಸುತ್ತದೆ. ಕೆಳಗೆ 10 ಪಟ್ಟು, ಮೇಲೆ 10 ಪಟ್ಟು, ಒಟ್ಟು 100 ಪಟ್ಟು.

ಕೇಳಲು ಸುಲಭ ಅಲ್ವಾ? ತೊಡಕು ಇರುವುದು ಬೆಳಕಿನಲ್ಲಿ. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಜಾಸ್ತಿ ಬಾಗಿಸುತ್ತದೆ. ಹಾಗಾಗಿ ಒಂಟಿ ಮಸೂರದ ಚಿತ್ರದ ಅಂಚಿಗೆ ಬಣ್ಣದ ಗೆರೆ ಬರುತ್ತದೆ. 1665ರಲ್ಲಿ ತಾನು ಕಂಡದ್ದನ್ನೆಲ್ಲ ಚಿತ್ರ ಬರೆದು ಪ್ರಕಟಿಸಿದ ರಾಬರ್ಟ್ ಹುಕ್ ಇಂಥ ಮಸೂರಗಳಲ್ಲೇ ಅಷ್ಟೆಲ್ಲ ನೋಡಿದ. ಅವನ ತಾಳ್ಮೆ ದೊಡ್ಡದು.

ಮುಂದೆ ಕ್ರೌನ್, ಫ್ಲಿಂಟ್ ಎಂಬ ಎರಡು ಬಗೆಯ ಗಾಜನ್ನು ಜೋಡಿಸಿದರು. ಒಂದು ಚದುರಿಸಿದ ಬಣ್ಣವನ್ನು ಇನ್ನೊಂದು ಒಟ್ಟುಗೂಡಿಸುತ್ತದೆ. ಇಂಥ ಜೋಡಿಗಳನ್ನು ಸುಮ್ನೆ ಒಂದರ ಮೇಲೊಂದು ಕೂರಿಸಿದರೆ ಬೇರೊಂದು ದೋಷ ಬೆಳೆಯುತ್ತಿತ್ತು. ಮಸೂರದ ಅಂಚಿನ ಬೆಳಕು ಒಂದು ಕಡೆ, ನಡುವಿನ ಬೆಳಕು ಇನ್ನೊಂದು ಕಡೆ ಸೇರಿ ಚಿತ್ರ ಮಬ್ಬಾಗುತ್ತಿತ್ತು. ಎರಡು ಜೋಡಿಗಳ ನಡುವೆ ಸರಿಯಾದ ಅಂತರ ಇಟ್ಟರೆ ಒಂದರ ದೋಷವನ್ನು ಇನ್ನೊಂದು ಕಳೆಯುತ್ತದೆ ಎಂದು 1830ರಲ್ಲಿ ತೋರಿಸಿದವರು ಜೋಸೆಫ್ ಜಾಕ್ಸನ್ ಲಿಸ್ಟರ್. ಲಂಡನ್ನಿನ ವೈನ್ ವ್ಯಾಪಾರಿ ಅವರು! ಶಸ್ತ್ರಚಿಕಿತ್ಸೆಯಲ್ಲಿ ನಂಜು ತಡೆಯುವುದನ್ನು ಕಲಿಸಿದ ಡಾಕ್ಟರ್ ಲಿಸ್ಟರ್ ಇವರ ಮಗ. ನನಗೆ ಈ ಅಪ್ಪನ ಕೆಲಸವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಈಗ ಗೊತ್ತಾಯಿತಲ್ಲ, ಆ ಅಂತರ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡುತ್ತದೆ. ಐಪೀಸಿನದೂ ಇದೇ ಕತೆ. ಹಳೆಯವುಗಳಲ್ಲಿ ಸಾಮಾನ್ಯವಾಗಿ ಹೈಗೆನ್ಸ್ ಮಾದರಿಯ ಎರಡು ಮಸೂರ ಇರುತ್ತವೆ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎರಡರ ಚಪ್ಪಟೆ ಮಗ್ಗುಲೂ ಕಣ್ಣಿನ ಕಡೆಗೇ ಇರಬೇಕು. ಒರೆಸಲು ತೆಗೆದವರು ಒಂದನ್ನು ತಿರುವುಮುರುವಾಗಿ ಹಾಕಿದರೆ ಮುಗಿಯಿತು.

ನಮ್ಮ ಊರಿನ ಮಳೆಗಾಲ ಮಸೂರಕ್ಕೆ ಒಳ್ಳೆಯದಲ್ಲ, ಫಂಗಸ್ ಹಿಡಿಯುತ್ತದೆ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ. ವಿಜಯಪುರದ ಕಡೆಯವರಿಗೆ ಧೂಳಿನ ಕಾಟ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಹೊರಮೈ ಒರೆಸಿ. ಸ್ಪಿರಿಟ್ ಸುರಿಯಬೇಡಿ. ಜೋಡಿ ಗಾಜುಗಳನ್ನು ಅಂಟಿಸಿರುವುದು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ, ಅದು ಸಡಿಲವಾಗಬಹುದು.