ಚಲಿಸುವ ಫಿಲ್ಟರ್, ಬಣ್ಣ ಬದಲಿಸುವ ನಾದ

ಕೇಳುಗರೆಲ್ಲರಿಗೂ ನಮಸ್ಕಾರ.

ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಮೋರ್ಸಿಂಗ್ ನಾದವನ್ನು ನೀವು ಗಮನವಿಟ್ಟು ಕೇಳಿರಬಹುದು. ಅದರ ಲೋಹದ ನಾಲಗೆ ಮಿಡಿಯುವುದು ಒಂದೇ ಶ್ರುತಿಯಲ್ಲಾದರೂ, ವಾದಕರು ಬಾಯಿಯ ಪೊಳ್ಳನ್ನು ಹಿಗ್ಗಿಸಿ ಕುಗ್ಗಿಸಿದಂತೆಲ್ಲ ಮೂಲಸ್ವರದೊಡನೆ ಹುಟ್ಟುವ ಮೇಲಿನ ದನಿಗಳಾದ ಅಧಿಸ್ವರಗಳಲ್ಲಿ ಕೆಲವು ಎದ್ದು ಕೇಳುತ್ತವೆ, ಉಳಿದವು ಅಡಗುತ್ತವೆ, ನಾದದ ಬಣ್ಣವೇ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ನಾದವನ್ನು ಸೃಷ್ಟಿಸುವ ತಂತ್ರಾಂಶಗಳಲ್ಲಿ ಬಾಯಿಯ ಈ ಕೆಲಸವನ್ನು ಮಾಡುವುದು ಫಿಲ್ಟರ್. ಅದನ್ನು ಒಂದೆಡೆ ನಿಲ್ಲಿಸದೆ, ಕಾಲಕ್ಕೆ ತಕ್ಕಂತೆ ಚಲಿಸುವ ಹಾಗೆ ಮಾಡುವುದು ಹೇಗೆಂಬುದೇ ಇಂದಿನ ವಿಷಯ.

ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯಗಳನ್ನು ತಯಾರಿಸುತ್ತಿದ್ದ ಅಮೆರಿಕದ ರಾಬರ್ಟ್ ಮೂಗ್ ಅವರು ವೋಲ್ಟೇಜಿನಿಂದ ನಿಯಂತ್ರಿಸಬಹುದಾದ ಏಣಿಯಾಕಾರದ ಫಿಲ್ಟರ್ ಸರ್ಕ್ಯೂಟನ್ನು ರೂಪಿಸಿ, 1969ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕಟ್‌ಆಫ್ ಎಂಬ ಗಡಿಯಿಂದ ಮೇಲಿರುವ ಧ್ವನಿಯನ್ನು ಅದು ಪ್ರತಿ ಸ್ಥಾಯಿಗೆ, ಅಂದರೆ ಕಂಪನಾಂಕ ಇಮ್ಮಡಿಯಾದಂತೆಲ್ಲ, 24 ಡೆಸಿಬೆಲ್‌ನಂತೆ ತಗ್ಗಿಸುತ್ತಿತ್ತು. ಆ ಗಡಿಯನ್ನು ಕೈಯಿಂದ ತಿರುಗಿಸಬೇಕಾಗಿಲ್ಲ, ಇನ್ನೊಂದು ಸರ್ಕ್ಯೂಟೇ ಸರಿಸಬಹುದು ಎಂಬುದು ಅದರ ನಿಜವಾದ ಹಿರಿಮೆಯೆಂದು ನನ್ನ ಭಾವನೆ. ಇಂದಿನ ತಂತ್ರಾಂಶಗಳಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಎರಡು ಸಾಧನಗಳಿವೆ. ಎನ್ವಲಪ್ ಎಂಬುದು ಸ್ವರ ಹುಟ್ಟಿದಾಗ ಗಡಿಯನ್ನು ಏರಿಸಿ, ಬಳಿಕ ಇಳಿಸುತ್ತದೆ. ಎಲ್‌ಎಫ್‌ಒ ಎಂಬ ನಿಧಾನಗತಿಯ ಆಂದೋಲಕವು ಗಡಿಯನ್ನು ಮತ್ತೆ ಮತ್ತೆ ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ. ನಿಮಿಷಕ್ಕೆ 120 ಬಡಿತಗಳ ಲಯವಿದ್ದರೆ, 2 ಹರ್ಟ್ಸ್ ವೇಗದ ಎಲ್‌ಎಫ್‌ಒ ಪ್ರತಿ ಬಡಿತಕ್ಕೂ ಒಂದು ಸುತ್ತು ಮುಗಿಸುತ್ತದೆ, ವೇಗವನ್ನು 0.1 ಹರ್ಟ್ಸ್‌ಗೆ ತಗ್ಗಿಸಿದರೆ ಒಂದು ಸುತ್ತಿಗೆ 10 ಸೆಕೆಂಡುಗಳು ಬೇಕು.

ಹೊಸದಾಗಿ ಕಲಿಯುವವರು ಹೆಚ್ಚಾಗಿ ಯಾವ ಫಿಲ್ಟರ್ ಉತ್ತಮವೆಂದು ಹುಡುಕುತ್ತಾರೆ. ಗಡಿ ಯಾವ ರೀತಿಯಲ್ಲಿ ಚಲಿಸುತ್ತದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಗಮನ ಕೊಡಬೇಕು. ಕಟ್‌ಆಫನ್ನು 4 ಸೆಕೆಂಡುಗಳಲ್ಲಿ 200 ಹರ್ಟ್ಸ್‌ನಿಂದ 3200 ಹರ್ಟ್ಸ್‌ಗೆ ಏರಿಸುತ್ತೇವೆ ಎಂದಿಟ್ಟುಕೊಳ್ಳಿ. ಇದು 4 ಸ್ಥಾಯಿಗಳ ಅಂತರ. ಹರ್ಟ್ಸ್ ಲೆಕ್ಕದಲ್ಲಿ ಸಮವೇಗದಿಂದ ಏರಿಸಿದರೆ ಮೊದಲ ಸ್ಥಾಯಿಯು ಕಾಲು ಸೆಕೆಂಡಿಗೆ ತುಸು ಹೆಚ್ಚು ಸಮಯದಲ್ಲೇ ಮುಗಿದುಹೋಗುತ್ತದೆ, ಕೊನೆಯ ಸ್ಥಾಯಿಯೊಂದೇ 2 ಸೆಕೆಂಡುಗಳಿಗೂ ಹೆಚ್ಚು ಕಾಲವನ್ನು ನುಂಗುತ್ತದೆ. ಕಿವಿಗೆ ಅದು ಮೊದಲು ಮೇಲಕ್ಕೆ ನೆಗೆದು ಆಮೇಲೆ ತೆವಳಿದಂತೆ ಕೇಳುತ್ತದೆ. ನಮ್ಮ ಶ್ರವಣ ಸ್ವರದ ಎತ್ತರವನ್ನು ಅಳೆಯುವುದು ಅನುಪಾತದಿಂದ, ಆದ್ದರಿಂದ ಸೆಕೆಂಡಿಗೆ ಒಂದು ಸ್ಥಾಯಿಯಂತೆ ಏರಿಸಬೇಕು. ಆಗ ಅರ್ಧ ದಾರಿಯಲ್ಲಿ ಕಟ್‌ಆಫ್ ಇರುವುದು 1700 ಹರ್ಟ್ಸ್‌ನಲ್ಲಲ್ಲ, 800ರಲ್ಲಿ.

ಚಲನೆ ನುಣುಪಾಗಿರುವುದೂ ಅಷ್ಟೇ ಮುಖ್ಯ. ಮಿಲ್ಲರ್ ಪಕೆಟ್ ಅವರು ರೂಪಿಸಿದ, ಉಚಿತವಾಗಿ ದೊರೆಯುವ ಪ್ಯೂರ್ ಡೇಟಾ ತಂತ್ರಾಂಶದಲ್ಲಿ ಇದನ್ನು ಸ್ವತಃ ಕೇಳಿ ನೋಡಬಹುದು. ಅಲ್ಲಿನ ಲೈನ್ ಎಂಬ ಘಟಕ ತನ್ನ ಮೂಲ ಹೊಂದಿಕೆಯಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೊಸ ಬೆಲೆ ಕೊಡುತ್ತದೆ. ಸೆಕೆಂಡಿಗೆ 50 ಮೆಟ್ಟಿಲುಗಳಂತೆ ಏರುವ ಆ ಗಡಿ, ರೆಸೊನೆನ್ಸ್, ಅಂದರೆ ಗಡಿಯ ಬಳಿಯ ಅಧಿಸ್ವರಗಳನ್ನು ಎತ್ತಿ ಹಿಡಿಯುವ ಗುಣ, ಹೆಚ್ಚಿದ್ದಾಗ ಕರಕರ ಸದ್ದಾಗಿ ಕೇಳಿಸುತ್ತದೆ. ಅದರ ಬದಲಿಗೆ, ಹೆಸರಿನ ಕೊನೆಯಲ್ಲಿ ಟಿಲ್ಡೆ ಎಂಬ ಅಲೆಗೆರೆಯಿರುವ, ಬೆಲೆಯನ್ನು ಎಡೆಬಿಡದೆ ಕೊಡುವ ಲೈನ್ ಟಿಲ್ಡೆ ಘಟಕವನ್ನು ಬಳಸಿ, ಅದರ ಹೊರಹರಿವನ್ನು ಪ್ರತಿ ಸ್ಥಾಯಿಗೂ ಸಮನಾಗಿ ಏರುವ ಸ್ವರಸಂಖ್ಯೆಯಾಗಿ ಇಟ್ಟುಕೊಂಡು, ಎಂಟಿಒಎಫ್ ಟಿಲ್ಡೆಯಿಂದ ಹರ್ಟ್ಸ್‌ಗೆ ಪರಿವರ್ತಿಸಿ, ವಿಸಿಎಫ್ ಟಿಲ್ಡೆ ಫಿಲ್ಟರಿಗೆ ಕೊಟ್ಟರೆ ನುಣುಪೂ ಅನುಪಾತವೂ ಒಟ್ಟಿಗೆ ಸಿದ್ಧಿಸುತ್ತವೆ.

ಈ ರೆಸೊನೆನ್ಸ್ ಜೊತೆಗೂಡಿದಾಗ ಫಿಲ್ಟರಿನ ಚಲನೆಯೇ ಒಂದು ಹಾಡುವ ದನಿಯಾಗುತ್ತದೆ. ಹಿಂದಿ ಚಿತ್ರಸಂಗೀತದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಟಿಬಿ-303 ಎಂಬ ಬಾಸ್ ಸಿಂಥಸೈಜರ್ ಯಂತ್ರವನ್ನು ಹಿಂದೂಸ್ತಾನಿ ರಾಗಗಳಿಗೆ ಜೋಡಿಸಿ ಧ್ವನಿಮುದ್ರಿಸಿದರು. ಅದೇ ಯಂತ್ರದ ಫಿಲ್ಟರನ್ನು ತಿರುಗಿಸುತ್ತಾ ಮುಂದೆ ಷಿಕಾಗೋದ ಕಲಾವಿದರು ಆಸಿಡ್ ಹೌಸ್ ಎಂಬ ನೃತ್ಯಸಂಗೀತದ ಪ್ರಕಾರವನ್ನೇ ಕಟ್ಟಿದರು. ಇಂದು ಅದನ್ನು ಅನುಕರಿಸುವ ತಂತ್ರಾಂಶಗಳು ಹಲವು ಇವೆ.

ಪ್ರಯೋಗಕ್ಕೆ ತೊಡಗುವವರಲ್ಲಿ ಒಂದು ವಿನಂತಿಯಿದೆ. ರೆಸೊನೆನ್ಸ್ ಮಿತಿಮೀರಿದರೆ ಕೆಲವು ಫಿಲ್ಟರುಗಳು ತಾವೇ ಸಿಳ್ಳೆಯಂತೆ ಕೂಗತೊಡಗುತ್ತವೆ, ಮತ್ತು ಚಲಿಸುವ ಗಡಿಯು ಒಂದು ಗಟ್ಟಿ ಅಧಿಸ್ವರವನ್ನು ಮುಟ್ಟಿದೊಡನೆ ಧ್ವನಿಮಟ್ಟ ಥಟ್ಟನೆ ಏರುತ್ತದೆ. ಆದ್ದರಿಂದ ಫಿಲ್ಟರಿನ ನಂತರ, ಧ್ವನಿಮಟ್ಟ ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಜೋಡಿಸಿ, ಧ್ವನಿಯನ್ನು ತಗ್ಗಿಸಿಕೊಂಡ ಮೇಲೆಯೇ ಹೆಡ್‌ಫೋನನ್ನು ಕಿವಿಗೆ ಇಟ್ಟುಕೊಳ್ಳಿ.