ಮ್ಯಾಕ್ಸ್ ಹತ್ತುವವರ ಭಯಕ್ಕೆ ಏನು ಉತ್ತರ?

ಎಲ್ಲರಿಗೂ ನಮಸ್ಕಾರ.

2023ರ ಆಗಸ್ಟ್ 31ಕ್ಕೆ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಮೊದಲ ಪ್ರಯಾಣಿಕರ ವಿಮಾನ ಇಳಿದ ಮೇಲೆ ನಮ್ಮ ಜಗಲಿಗಳಲ್ಲಿ ಅಡಿಕೆ ರೇಟಿನ ಜೊತೆ ವಿಮಾನದ ಮಾತೂ ಸೇರಿಕೊಂಡಿದೆ. ಇಲ್ಲಿಗೆ ಬರುವುದು ಎಟಿಆರ್, ಎಂಬ್ರೇರ್‌ನಂಥ ಚಿಕ್ಕ ವಿಮಾನಗಳು. ಆದರೆ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಅಲ್ಲಿಂದ ಮುಂದಕ್ಕೆ ಹೊರಟವರ ಟಿಕೆಟ್ಟಿನಲ್ಲಿ ‘ಬೋಯಿಂಗ್ 737 ಮ್ಯಾಕ್ಸ್’ ಅಂತ ಕಂಡದ್ದೇ ತಡ, ತೀರ್ಥಹಳ್ಳಿಯಿಂದ ಮಗನಿಗೆ ಫೋನ್ ಹೋಗುತ್ತದೆ. “ಇದು ಆ ಬಿದ್ದ ವಿಮಾನ ಅಲ್ವೇನೋ?” ಮಗ ಅನ್ನುತ್ತಾನೆ: “ಎಂತದೂ ಆಗಲ್ಲ ಅಪ್ಪಯ್ಯ, ಸುಮ್ನೆ ಹತ್ತಿ.”

ಈ ‘ಎಂತದೂ ಆಗಲ್ಲ’ ಅನ್ನುವುದರ ಮೇಲೆಯೇ ನನ್ನ ತಕರಾರು. ಹೆದರಿದವರಿಗೆ ಧೈರ್ಯ ಹೇಳಿ ಬಾಯಿ ಮುಚ್ಚಿಸಬಾರದು. ಏನು ಕೆಟ್ಟಿತ್ತು, ಏನು ಸರಿ ಮಾಡಿದರು ಅಂತ ಬಿಡಿಸಿ ಹೇಳಬೇಕು. ಯಾಕೆಂದರೆ ಈ ಭಯ ಹುಟ್ಟಿದ್ದೇ ಹೇಳಬೇಕಾದ್ದನ್ನು ಹೇಳದೆ ಹೋದದ್ದರಿಂದ.

ಮಂಗಳೂರನ್ನು ನೆನಪಿಸಿಕೊಳ್ಳಿ. 2010ರ ಮೇ 22, ದುಬೈನಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಜನ. ಅದೂ ಬೋಯಿಂಗ್ 737, ಹಳೆಯ ಪೀಳಿಗೆಯ 737-800. ಅದಾದ ಮೇಲೆ ಗಲ್ಫಿಗೆ ಹೊರಟ ನಮ್ಮವರಲ್ಲಿ “ಇದು 737-800ಯಾ?” ಅಂತ ಕೇಳಿ ಟಿಕೆಟ್ ತೆಗೆದುಕೊಂಡವರು ಯಾರಿದ್ದಾರೆ? ಇಳಿಯುವ ದಾರಿ ತಪ್ಪಿತ್ತು, ಸಹಪೈಲಟ್ ಮೂರು ಸಲ ‘ಮೇಲಕ್ಕೇರಿಸಿ’ ಅಂದರೂ ಕ್ಯಾಪ್ಟನ್ ಇಳಿಸಲು ಹೋದರು ಅಂತ ತನಿಖೆಯಲ್ಲಿ ಬಂತು, ಜನ ತಿಳಿದುಕೊಂಡರು. ಕಾರಣ ಗೊತ್ತಾದ ಮೇಲೆ ಭಯ ಆ ಮಾದರಿಗೆ ಅಂಟಿಕೊಳ್ಳಲಿಲ್ಲ. ಮ್ಯಾಕ್ಸಿಗೆ ಅಂಟಿಕೊಂಡಿತು. ಈ ವ್ಯತ್ಯಾಸ ಗುರುತಿಸಿದ ಪ್ರಯಾಣಿಕರನ್ನು ತಿಳಿಗೇಡಿಗಳು ಅನ್ನಲಾಗದು.

ಮ್ಯಾಕ್ಸಿನಲ್ಲಿ ಆದದ್ದೇನು? ಇಂಧನ ಉಳಿಸಲು ದೊಡ್ಡ ಎಂಜಿನ್ ಬೇಕಾಯಿತು. ಹಿಂದಿನದರ ಫ್ಯಾನಿನ ಅಗಲ 61 ಇಂಚು, ಹೊಸದರದ್ದು 69. 737 ನೆಲಕ್ಕೆ ತಗ್ಗಾದ ವಿಮಾನ, ರೆಕ್ಕೆಯ ಕೆಳಗೆ ಅಷ್ಟು ಜಾಗ ಇಲ್ಲ. ಹಾಗಾಗಿ ಎಂಜಿನ್ನನ್ನು ಮುಂದಕ್ಕೂ ಮೇಲಕ್ಕೂ ಸರಿಸಿ ಕೂರಿಸಿದರು. ಅದರಿಂದ ಮೂತಿ ತುಂಬ ಎತ್ತಿದ ಹೊತ್ತಿನಲ್ಲಿ ಇನ್ನಷ್ಟು ಮೇಲೇಳುವ ಗುಣ ಬಂತು. ಅದನ್ನು ತಗ್ಗಿಸಲು ಹಾಕಿದ ಸಾಫ್ಟ್‌ವೇರೇ ಎಂಕ್ಯಾಸ್. ಮೂತಿಯ ಪಕ್ಕದಲ್ಲಿ ಗಾಳಿಗೆ ತಿರುಗುವ ಪುಟ್ಟ ರೆಕ್ಕೆಯಂಥ ಸೆನ್ಸರ್ ಇರುತ್ತದೆ, ಎಡಕ್ಕೊಂದು ಬಲಕ್ಕೊಂದು. ‘ಮೂತಿ ಅತಿಯಾಗಿ ಎದ್ದಿದೆ’ ಅಂತ ಅದು ಹೇಳಿದರೆ ಎಂಕ್ಯಾಸ್ ಬಾಲದ ಅಡ್ಡರೆಕ್ಕೆಯನ್ನು ತಾನೇ ತಿರುಗಿಸಿ ಮೂತಿ ಇಳಿಸುತ್ತದೆ. ಮೊದಲ ವಿನ್ಯಾಸದಲ್ಲಿ ಒಂದು ಸಲಕ್ಕೆ 0.6 ಡಿಗ್ರಿ ಇತ್ತು, ಆಮೇಲೆ 2.5 ಡಿಗ್ರಿಗೆ ಏರಿಸಿದರು. ಪೈಲಟ್ ಸ್ವಿಚ್ ಒತ್ತಿ ಸರಿಪಡಿಸಿ ಬಿಟ್ಟರೆ ಐದು ಸೆಕೆಂಡಿಗೆ ಮತ್ತೆ ಶುರು. ಸೆನ್ಸರ್ ಎರಡಿದ್ದರೂ ಅದು ನಂಬುತ್ತಿದ್ದದ್ದು ಒಂದನ್ನೇ. ಪೈಲಟ್‌ಗಳ ಕೈಪಿಡಿಯಲ್ಲಿ ಇದರ ವಿವರಣೆಯೇ ಇರಲಿಲ್ಲ.

2018ರ ಅಕ್ಟೋಬರ್ 29ಕ್ಕೆ ಇಂಡೊನೇಷ್ಯದ ಲಯನ್ ಏರ್ ಕಂಪನಿಯ ಮ್ಯಾಕ್ಸ್ ಬಿದ್ದದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ರಾತ್ರಿಯದ್ದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಅಧ್ಯಕ್ಷರು ಅವಕಾಶ ಕೊಡಬೇಕು.

ಅದೇ ವಿಮಾನ ಬಾಲಿಯಲ್ಲಿತ್ತು. ಎಡಗಡೆಯ ಸೆನ್ಸರ್ ಬದಲಿಸಿದ್ದರು. ಹಾಕಿದ್ದು ರಿಪೇರಿಯಾಗಿ ಬಂದ ಸೆನ್ಸರ್, 21 ಡಿಗ್ರಿ ತಪ್ಪು ತೋರಿಸುವಂಥದು. ಜಕಾರ್ತಕ್ಕೆ ಹೊರಟು ನೆಲ ಬಿಡುತ್ತಿದ್ದಂತೆ ಕ್ಯಾಪ್ಟನ್‌ನ ಕೈಯಲ್ಲಿದ್ದ ಹಿಡಿಕೆ ಗಡಗಡ ನಡುಗತೊಡಗಿತು. ವಿಮಾನ ಕುಸಿಯುವ ಹಂತಕ್ಕೆ ಬಂದಿದೆ ಅಂತ ಎಚ್ಚರಿಸುವ ನಡುಕ ಅದು. ಏರುವಾಗ ರೆಕ್ಕೆಯ ಅಂಚಿನಿಂದ ಚಾಚಿದ್ದ ಫ್ಲ್ಯಾಪ್ ಒಳಕ್ಕೆ ಸರಿದ ಮೇಲೆ ಮೂತಿ ತಾನಾಗಿ ಕೆಳಗಿಳಿಯಲು ಶುರು. ಸಹಪೈಲಟ್ ಹಿಡಿಕೆ ಎಳೆದರು, ತುಂಬ ಭಾರ ಅಂದರು. ಕಾಕ್‌ಪಿಟ್ಟಿನಲ್ಲಿ ಹೆಚ್ಚುವರಿಯಾಗಿ ಮೂರನೆಯ ಪೈಲಟ್ ಕೂಡ ಕೂತಿದ್ದರು. ಕೊನೆಗೆ ಬಾಲದ ಮೋಟರಿಗೆ ಹೋಗುವ ಕರೆಂಟ್ ಕಡಿಯುವ ಎರಡು ಸ್ವಿಚ್ ಇಳಿಸಿದರು. ಎಂಕ್ಯಾಸ್ ನಿಂತಿತು. ಬಾಲದ ಅಡ್ಡರೆಕ್ಕೆ ಸರಿಸುವ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಹಿಡಿಕೆ ನಡುಗುತ್ತಲೇ ಇದ್ದರೂ, ಜಕಾರ್ತ ಮುಟ್ಟಿಸಿದರು. ಎಲ್ಲರೂ ಬದುಕಿದರು.

ಇನ್ನು ಲಾಗ್ ಪುಸ್ತಕ. ವೇಗ, ಎತ್ತರದ ಅಂಕಿ ಹೊಂದುತ್ತಿಲ್ಲ, ಒಂದು ಎಚ್ಚರಿಕೆ ದೀಪ ಉರಿಯಿತು ಅಂತ ಬರೆದರು. ಹಿಡಿಕೆ ನಡುಗಿದ್ದನ್ನು ಬರೆಯಲಿಲ್ಲ. ಸ್ವಿಚ್ ಇಳಿಸಿ ಬದುಕಿದ್ದನ್ನೂ ಬರೆಯಲಿಲ್ಲ. ಆಗುಂಬೆ ಘಾಟಿಯಲ್ಲಿ ಬ್ರೇಕು ಕೈಕೊಟ್ಟದ್ದನ್ನು ಡಿಪೋದಲ್ಲಿ ಹೇಳದೆ ಡ್ರೈವರ್ ಮನೆಗೆ ಹೋದರೆ ಬೆಳಗಿನ ಡ್ರೈವರಿಗೆ ಏನು ಗತಿ? ಬರೆದಷ್ಟನ್ನು ನೋಡಿ ಎಂಜಿನಿಯರ್‌ಗಳು ಗಾಳಿಯೊತ್ತಡದ ಕೊಳವೆ ತೊಳೆದರು, ಕನೆಕ್ಟರ್ ಒರೆಸಿದರು. ಬೆಳಗ್ಗೆ 6.20ಕ್ಕೆ ಬೇರೆ ಪೈಲಟ್‌ಗಳು ಅದೇ ವಿಮಾನ ಎತ್ತಿದರು. ಕ್ಯಾಪ್ಟನ್ ಇಪ್ಪತ್ತಕ್ಕೂ ಹೆಚ್ಚು ಸಲ ಮೂತಿ ಮೇಲೆತ್ತಿದರು. ಸಹಪೈಲಟ್ ಕೈಗೆ ಕೊಟ್ಟ ಸ್ವಲ್ಪ ಹೊತ್ತಿಗೆ ವಿಮಾನ ಸಮುದ್ರಕ್ಕೆ ಬಿತ್ತು. 189 ಜನ. ಬೋಯಿಂಗ್ ಕಂಪನಿ ಪೈಲಟ್‌ಗಳಿಗೆ ಹೇಳಲಿಲ್ಲ, ಹಿಂದಿನ ರಾತ್ರಿಯ ಪೈಲಟ್‌ಗಳು ರಿಪೇರಿಯವರಿಗೆ ಹೇಳಲಿಲ್ಲ. ಯಂತ್ರದ ದೋಷದ ಜೊತೆಗೆ ಈ ಮೌನವೂ ಸೇರಿ ಕೊಂದಿತು ಅಂತ ನಾನು ಹೇಳುವುದು ಇದಕ್ಕೇ.

ಐದು ತಿಂಗಳೂ ಆಗಿರಲಿಲ್ಲ, 2019ರ ಮಾರ್ಚ್ 10ಕ್ಕೆ ಇಥಿಯೋಪಿಯದ ವಿಮಾನ ಬಿತ್ತು, 157 ಜನ. ಆ ಪೈಲಟ್‌ಗಳು ಸ್ವಿಚ್ ಇಳಿಸಿದ್ದರು. ಆದರೆ ವೇಗ ವಿಪರೀತ ಏರಿತ್ತು, ಗಾಳಿಯ ಹೊರೆಗೆ ಕೈಚಕ್ರ ಅಲುಗಲಿಲ್ಲ. ಹೊಸ ವಿಮಾನಕ್ಕೆ ಪೈಲಟ್‌ಗಳಿಗೆ ಸಿಮ್ಯುಲೇಟರ್, ಅಂದರೆ ನೆಲದ ಮೇಲಿನ ಅಣಕು ಕಾಕ್‌ಪಿಟ್ಟಿನ ತರಬೇತಿ ಬೇಡ ಅನ್ನುವುದೇ ಮ್ಯಾಕ್ಸಿನ ಮಾರಾಟದ ಮಾತಾಗಿತ್ತು. ತರಬೇತಿ ಬೇಕಾಗಿಬಿಟ್ಟರೆ ವಿಮಾನಕ್ಕೆ ಹತ್ತು ಲಕ್ಷ ಡಾಲರ್ ಬಿಟ್ಟುಕೊಡುತ್ತೇವೆ ಅಂತ ಅಮೆರಿಕದ ಒಂದು ಏರ್‌ಲೈನಿಗೆ ಒಪ್ಪಂದದಲ್ಲೇ ಬರೆದುಕೊಟ್ಟಿದ್ದರು. 2021ರ ಜನವರಿಯಲ್ಲಿ ಬೋಯಿಂಗ್, ತನ್ನವರು ನಿಯಂತ್ರಕರನ್ನು ದಾರಿ ತಪ್ಪಿಸಿದ್ದು ನಿಜ ಅಂತ ಒಪ್ಪಿ 250 ಕೋಟಿ ಡಾಲರಿಗೂ ಮೀರಿದ ರಾಜಿಗೆ ಸಹಿ ಹಾಕಿತು. ಇಷ್ಟೆಲ್ಲ ಆದ ಮೇಲೆ ತೀರ್ಥಹಳ್ಳಿಯ ಅಪ್ಪಯ್ಯನಿಗೆ ‘ಎಂತದೂ ಆಗಲ್ಲ’ ಅಂದರೆ ಸಾಕಾ ಮಾರಾಯ್ರೆ?

ಸರಿ ಮಾಡಿದ್ದನ್ನೂ ಅಷ್ಟೇ ಖಚಿತವಾಗಿ ಹೇಳೋಣ. ಈಗ ಎಂಕ್ಯಾಸ್ ಎರಡೂ ಸೆನ್ಸರ್ ನೋಡುತ್ತದೆ. ಎರಡರ ನಡುವೆ 5.5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸುಮ್ಮನಾಗುತ್ತದೆ. ಒಂದು ಘಟನೆಗೆ ಒಂದೇ ಸಲ ಕೆಲಸ ಮಾಡುತ್ತದೆ, ಪೈಲಟ್ ಹಿಡಿಕೆ ಎಳೆದು ಗೆಲ್ಲಲಾರದಷ್ಟು ಒತ್ತುವುದಿಲ್ಲ. ಸೆನ್ಸರ್ ಹೊಂದುತ್ತಿಲ್ಲ ಅನ್ನುವ ಎಚ್ಚರಿಕೆ ಎಲ್ಲ ವಿಮಾನಕ್ಕೂ ಬಂತು, ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಯಿತು. ಎರಡನೆಯ ಅಪಘಾತದ ಮೇಲೆ ನಿಲ್ಲಿಸಿದ್ದ ಮ್ಯಾಕ್ಸನ್ನು ಅಮೆರಿಕ 2020ರ ನವೆಂಬರಿನಲ್ಲಿ ಮತ್ತೆ ಹಾರಲು ಬಿಟ್ಟರೂ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ್ದು 2021ರ ಆಗಸ್ಟಿನಲ್ಲಿ. ಇದನ್ನೆಲ್ಲ ಕೇಳಿಯೂ ಯಾರಾದರೂ “ನನಗೆ ಬೇಡ” ಅಂದರೆ ಅದು ಅವರ ಹಕ್ಕು. ಕೇಳಿ “ಸರಿ, ಹತ್ತುತ್ತೇನೆ” ಅಂದರೆ ಅದು ಗಟ್ಟಿ ಧೈರ್ಯ.

ಚೀಟಿ ಬಂತು, ಬೇಗ ಮುಗಿಸುತ್ತೇನೆ. ಗುರುತು ಹಿಡಿಯುವುದು ಹೇಗೆ? ಎಂಜಿನ್ನಿನ ಹಿಂದಿನ ಅಂಚು ನೋಡಿ, ಗರಗಸದ ಹಲ್ಲಿನಂತಿದ್ದು ಒಳಗೆ ನಡುದಾರಿ ಒಂದೇ ಇದ್ದರೆ ಮ್ಯಾಕ್ಸ್. ರೆಕ್ಕೆತುದಿ ಎರಡಾಗಿ ಸೀಳಿದ್ದನ್ನು ಮಾತ್ರ ನಂಬಬೇಡಿ, ಹಳೆಯ 737ಗಳಲ್ಲೂ ಕೆಲವಕ್ಕೆ ಹಾಗಿದೆ. ಸೀಟಿನ ಕಿಸೆಯ ಕಾರ್ಡಿನಲ್ಲಿ 737-8 ಅಂತಿದ್ದರೆ ಅದು ಮ್ಯಾಕ್ಸೇ. 737-800 ಅಂದರೆ ಹಳೆಯದು. ಮೊಬೈಲಿನ ವಿಮಾನದ ಆ್ಯಪ್‌ನಲ್ಲಿ ಮ್ಯಾಕ್ಸ್ 8 ಆದರೆ ‘ಬಿ38ಎಂ’ ಅಂತ ಬರುತ್ತದೆ.

ಮ್ಯಾಕ್ಸ್ ಬೇಡ ಅಂತ ಏರ್‌ಬಸ್ 320 ಹತ್ತಿದವರಿಗೆ ಅಲ್ಲೊಂದು ಗಾಬರಿ ಕಾದಿರುತ್ತದೆ: ನೆಲದಡಿಯಿಂದ ನಾಯಿ ಬೊಗಳಿದ ಸದ್ದು! ಅದು ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಒತ್ತಡ ದಾಟಿಸುವ ಯಂತ್ರ, ನಾಯಿಯನ್ನು ಯಾರೂ ಮರೆತು ಬಂದಿಲ್ಲ. ಯಾವ ಜೆಟ್ಟಿನಲ್ಲೂ ಹಾರಿದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ತಗ್ಗಿ ಹೊಟ್ಟೆ ಹಗುರಾದಂತಾಗುತ್ತದೆ. ಏರುವ ಶಕ್ತಿಗೆ ತಗ್ಗಿಸಿದ್ದು ಅಷ್ಟೇ. ಮಳೆಗಾಲದಲ್ಲಿ ಸೋಗಾನೆಯ ತನಕ ಬಂದು ಮೋಡ ಕಂಡು ಮೇಲೇರಿ ವಾಪಸ್ ಹೋದ ಪೈಲಟ್‌ಗೆ ಬೈಯಬೇಡಿ. ಮಂಗಳೂರಿನಲ್ಲಿ ಆ ದಿನ ಆಗಬೇಕಿದ್ದದ್ದು ಅದೇ.

ಅಹಮದಾಬಾದಿನ 2025ರ ದುರಂತವನ್ನೂ ಮ್ಯಾಕ್ಸ್ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು 787-8, ಬೇರೆಯದೇ ವಿಮಾನ. 2024ರ ಜನವರಿ 5ಕ್ಕೆ ಅಮೆರಿಕದಲ್ಲಿ ಮ್ಯಾಕ್ಸ್ 9ರ ಗೋಡೆಯ ತುಂಡು, ಬಾಗಿಲಿನ ಜಾಗಕ್ಕೆ ಹಾಕುವ ಪ್ಲಗ್, ಆಕಾಶದಲ್ಲೇ ಕಿತ್ತುಹೋದ ಕಥೆ ವಿವರವಾಗಿ ಹೇಳಬೇಕಿತ್ತು. ನಾಲ್ಕು ಬೋಲ್ಟ್ ಹಾಕಿರಲೇ ಇಲ್ಲ. ಪಕ್ಕದ ಕಿಟಕಿ ಸೀಟು ಖಾಲಿಯಿತ್ತು, 177 ಜನರೂ ಬದುಕಿದರು. ಮ್ಯಾಕ್ಸ್ 8ರಲ್ಲಿ ಆ ಪ್ಲಗ್ ಇಲ್ಲ. ಯಾವ ವಿಮಾನವಾದರೂ, ಬೆಲ್ಟ್ ದೀಪ ಆರಿದ ಮೇಲೂ ಬೆಲ್ಟ್ ಸಡಿಲವಾಗಿಯಾದರೂ ಕಟ್ಟಿಯೇ ಇರಲಿ.

ಮ್ಯಾಕ್ಸ್ ಬೇಡವೇ ಬೇಡ ಅನ್ನುವವರು ಬುಕ್ ಮಾಡುವಾಗಲೇ ಮಾದರಿ ನೋಡಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ. ವಿಮಾನ ಬದಲಿಸುವ ಅಧಿಕಾರವನ್ನು ಏರ್‌ಲೈನ್‌ಗಳು ಷರತ್ತಿನಲ್ಲೇ ಇಟ್ಟುಕೊಂಡಿರುತ್ತವೆ, ಕೊನೆ ಗಳಿಗೆಯಲ್ಲಿ ಬೇರೆಯದು ಬರಬಹುದು. ಮಕ್ಕಳಾದವರು ಆ ವಿಷಯವನ್ನು ಮೊದಲೇ ಮನೆಯವರಿಗೆ ತಿಳಿಸಿಡಿ. ಪ್ರಶ್ನೆ ಇದ್ದವರು ಕೇಳಬಹುದು.