ಸಿಂಗಾಪುರದ ಮದರಸದಲ್ಲಿ ಒಂದನೇ ತರಗತಿಯ ಸೀಟು

ಕೇಳುಗರೇ, ನಮಸ್ಕಾರ.

ಸಿಂಗಾಪುರದಲ್ಲಿ ಮಗುವನ್ನು ಮದರಸದ ಒಂದನೇ ತರಗತಿಗೆ ಸೇರಿಸುವುದು ಸುಲಭದ ಮಾತಲ್ಲ. ಆ ದೇಶದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಮುಸ್ಲಿಮರು. ಹೆಚ್ಚಿನವರು ಮಲಯ ಜನ, ಜೊತೆಗೆ ತಮಿಳು ಮುಸ್ಲಿಮರೂ ಇದ್ದಾರೆ. ಇವರೆಲ್ಲರ ಮಕ್ಕಳಿಗೆ ಮದರಸಗಳ ಒಂದನೇ ತರಗತಿಯಲ್ಲಿ ಇರುವುದು ವರ್ಷಕ್ಕೆ ಸುಮಾರು 400 ಸೀಟು ಮಾತ್ರ.

ಮದರಸ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ಬೆಳಿಗ್ಗೆ ಬೇಗ ಎದ್ದು ಓದಿ, ಆಮೇಲೆ ಶಾಲೆಗೆ ಓಡುವ ಮಕ್ಕಳು ನೆನಪಾಗುತ್ತಾರೆ, ಅಲ್ವಾ? ನಾನು ಹೇಳುತ್ತಿರುವುದು ಅದಲ್ಲ. ಇವು ಪೂರ್ತಿ ದಿನದ ಶಾಲೆಗಳು. ಕುರ್‌ಆನ್, ಅರಬ್ಬಿ ಭಾಷೆಯ ಜೊತೆಗೆ ಇಂಗ್ಲಿಷ್, ಗಣಿತ, ವಿಜ್ಞಾನವೂ ನಡೆಯುತ್ತದೆ. ಇಂಥವು ದೇಶದಲ್ಲಿ ಒಟ್ಟು ಆರು. ಜಲಾನ್ ಸುಲ್ತಾನ್ ರಸ್ತೆಯ ಅಲ್‌ಸಗೋಫ್ ಮದರಸ 1912ರದ್ದು. ಯೆಮನ್ ಮೂಲದ ಅರಬ್ ವ್ಯಾಪಾರಿ ಮನೆತನದ ದಾನದಿಂದ ಅದು ಶುರುವಾಯಿತು. ಈಗ ಅಲ್ಲಿ ಹೆಣ್ಣುಮಕ್ಕಳು ಮಾತ್ರ ಓದುತ್ತಾರೆ.

2000ನೇ ಇಸವಿಯವರೆಗೆ ಸರ್ಕಾರ ಇವುಗಳ ಕಡೆ ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. ಆ ವರ್ಷ ಕಡ್ಡಾಯ ಶಿಕ್ಷಣ ಕಾಯ್ದೆ ಬಂತು. ಎಲ್ಲ ಮಕ್ಕಳೂ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಲೇಬೇಕು ಎಂಬುದು ಅದರ ತಿರುಳು. ಹಾಗಾದರೆ ಮದರಸಗಳ ಗತಿ ಏನು? ಮುಸ್ಲಿಂ ಸಮುದಾಯದಲ್ಲಿ ದೊಡ್ಡ ಗಲಿಬಿಲಿಯೇ ಆಯಿತು. ಮಾತುಕತೆ, ವಾದ ನಡೆದು ಕೊನೆಗೆ ಮದರಸದ ಮಕ್ಕಳಿಗೆ ವಿನಾಯಿತಿ ಸಿಕ್ಕಿತು. ಆದರೆ ಸುಮ್ನೆ ಸಿಗಲಿಲ್ಲ. ಒಂದನೇ ತರಗತಿಯ ಸೀಟಿಗೆ ಮಿತಿ ಬಿತ್ತು. ಜೊತೆಗೆ 2003ರಿಂದ ಒಂದನೇ ತರಗತಿಗೆ ಸೇರಿದವರೆಲ್ಲ ಆರನೇ ತರಗತಿಯಲ್ಲಿ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು ಎಂದಾಯಿತು. ಅದನ್ನು ಅಲ್ಲಿ ಪಿಎಸ್‌ಎಲ್‌ಇ ಅನ್ನುತ್ತಾರೆ. ಹನ್ನೆರಡರ ಮಕ್ಕಳಿರುವ ಮನೆಗಳಲ್ಲಿ ಆ ವರ್ಷ ಬೇರೆ ಮಾತೇ ಇರುವುದಿಲ್ಲ.

ಮದರಸದ ಸರಾಸರಿ ಅಂಕವನ್ನು ಸರ್ಕಾರ ಒಂದು ಅಳತೆಗೆ ಹಚ್ಚಿ ನೋಡುತ್ತದೆ. ಫಲಿತಾಂಶದಲ್ಲಿ ತೀರಾ ಹಿಂದಿರುವ ಆರು ಸರ್ಕಾರಿ ಶಾಲೆಗಳ ಮಲಯ ಮಕ್ಕಳ ಸರಾಸರಿಯೇ ಆ ಅಳತೆ. ಮೂರು ವರ್ಷದಲ್ಲಿ ಎರಡು ಸಲವಾದರೂ ಅದನ್ನು ಮುಟ್ಟಬೇಕು. ಇಲ್ಲವಾದರೆ ಒಂದನೇ ತರಗತಿಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ. ಇದು ಬರೀ ಬೆದರಿಕೆ ಆಗಿರಲಿಲ್ಲ. ಮೊದಲ ತಂಡ 2008ರಲ್ಲಿ ಪರೀಕ್ಷೆ ಬರೆಯಿತು. ಅಳತೆ ಮುಟ್ಟದ ವಾಕ್ ತಾಂಜೊಂಗ್ ಮದರಸದ ಒಂದನೇ ತರಗತಿಯ ದಾಖಲಾತಿ 2012ರಲ್ಲಿ ನಿಂತೇ ಹೋಯಿತು. ಫಲಿತಾಂಶ ಸುಧಾರಿಸಿದ ಮೇಲಷ್ಟೇ ಮತ್ತೆ ಬಾಗಿಲು ತೆರೆಯಿತು.

ಪರೀಕ್ಷೆಯ ಷರತ್ತು ನನಗೆ ತಪ್ಪು ಅನಿಸುವುದಿಲ್ಲ. ಮಗು ಮುಂದೆ ಉಸ್ತಾದ್ ಆಗಲಿ, ನರ್ಸ್ ಆಗಲಿ, ಲೆಕ್ಕ, ಇಂಗ್ಲಿಷ್ ಬರಲೇಬೇಕು. ನನ್ನ ತಕರಾರು ಇರುವುದು ಸೀಟಿನ ಮಿತಿ ಬಗ್ಗೆ. ಅಳತೆ ಮುಟ್ಟಿದ ಶಾಲೆಯೂ ತನಗೆ ಬೇಕಾದಷ್ಟು ಮಕ್ಕಳನ್ನು ತೆಗೆದುಕೊಳ್ಳುವಂತಿಲ್ಲ ಅಂದರೆ ಅದಕ್ಕೆ ಕಾರಣ ಓದಿನ ಗುಣಮಟ್ಟ ಅಲ್ಲ. ಬೇರೆ ಬೇರೆ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರಬೇಕು ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ 2002ರಲ್ಲಿ ಅದೇ ಸರ್ಕಾರಿ ಶಾಲೆಗಳಿಗೆ ತಲೆವಸ್ತ್ರ ಹಾಕಿಕೊಂಡು ಬಂದ ಒಂದನೇ ತರಗತಿಯ ಪುಟ್ಟ ಹುಡುಗಿಯರನ್ನು ಸಮವಸ್ತ್ರದ ನಿಯಮ ಹೇಳಿ ಅಮಾನತು ಮಾಡಲಾಯಿತು. ಮಗಳ ತಲೆವಸ್ತ್ರವೇ ಮುಖ್ಯ ಅನ್ನುವ ಅಪ್ಪ ಅಮ್ಮನಿಗೆ ಆಮೇಲೆ ಉಳಿಯುವ ದಾರಿ ಯಾವುದು, ಹೇಳಿ.

ಆರು ಮದರಸಗಳಲ್ಲಿ ಎರಡರಲ್ಲಿ ಈಗ ಪ್ರಾಥಮಿಕ ತರಗತಿ ಇಲ್ಲ. 2009ರಲ್ಲಿ ಮೂರು ಮದರಸಗಳು ಮುಯಿಸ್ ಎಂಬ ಧಾರ್ಮಿಕ ಮಂಡಳಿಯ ಜೊತೆ ಸೇರಿ ಕೆಲಸ ಹಂಚಿಕೊಂಡವು. ಅವುಗಳಲ್ಲಿ ಅಲ್ ಇರ್ಷಾದ್ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತದೆ, ಉಳಿದ ಎರಡು ಪ್ರೌಢಶಾಲೆಯನ್ನು. ಸೀಟು ಸಿಗದವರಿಗೆ, ಬೇಡವಾದವರಿಗೆ ಮಸೀದಿಗಳಲ್ಲಿ ವಾರಾಂತ್ಯದ ತರಗತಿಗಳಿವೆ. ನಿಜ ಹೇಳಬೇಕೆಂದರೆ ಅಲ್ಲಿನ ಮುಸ್ಲಿಂ ಮಕ್ಕಳಲ್ಲಿ ಬಹುಪಾಲು ಓದುವುದು ಸರ್ಕಾರಿ ಶಾಲೆಯಲ್ಲೇ.

ಇನ್ನು ದುಡ್ಡಿನ ಮಾತು. ಅಲ್ಲಿನ ಪ್ರಜೆಗಳಿಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬೋಧನಾ ಶುಲ್ಕ ಇಲ್ಲ. ಮದರಸಗಳು ಖಾಸಗಿ, ಅಲ್ಲಿ ಶುಲ್ಕ ಕಟ್ಟಲೇಬೇಕು. ಶಾಲೆ ನಡೆಯುವುದು ಆ ಶುಲ್ಕ, ವಕ್ಫ್ ಆದಾಯ ಮತ್ತು ಸಮುದಾಯದ ದೇಣಿಗೆಯಿಂದ. ಶಾಲಾ ಮಕ್ಕಳ ಹೆಸರಿನಲ್ಲಿ ಸರ್ಕಾರ ವರ್ಷಕ್ಕಿಷ್ಟು ಹಣ ಹಾಕುವ ಎಡ್ಯುಸೇವ್ ಯೋಜನೆ 2014ರಲ್ಲಿ ಮದರಸದ ಮಕ್ಕಳಿಗೂ ಬಂತು. ಲೌಕಿಕ ವಿಷಯಗಳ ಬೋಧನೆಗೆ ನೆರವು ಕೊಡುತ್ತೇವೆ ಎಂದು ಅದರ ಮರುವರ್ಷ ಪ್ರಧಾನಿ ಲೀ ಸೀನ್ ಲೂಂಗ್ ಘೋಷಿಸಿದರು.

ನಮಸ್ಕಾರ.